ಮೂರು ಸಾಲು ಸರಪಳಿ

ಡ್ರಾಯಿಂಗ್ ಮಾಸ್ತರರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಒಂದು ದಿನ ತಡವಾಗಿ. ಬೇಸಿಗೆ, ಕಾಡಿಗೆ ಬೆಂಕಿ ಬೀಳುವ ಕಾಲ. ನಾನು ಚಿಂಚೋಳಿ ವನ್ಯಜೀವಿ ಧಾಮದ ಒಳಗೆ ಗಸ್ತಿನಲ್ಲಿದ್ದೆ. ಮೊಬೈಲ್ ಮಾತನಾಡುವ ದಿಬ್ಬಕ್ಕೆ ಹತ್ತಿದಾಗ ಹಳೆಯ ಸಹಪಾಠಿಗಳ ಹದಿನಾಲ್ಕು ಕರೆಗಳು ಬಂದು ಹೋಗಿದ್ದವು. ಊರಿಗೆ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಸಮವಸ್ತ್ರದಲ್ಲಿಯೇ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ. ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದ ಮಾಸ್ತರರ ಮಡದಿ ಹೊರಗೆ ಬಂದು, ನನ್ನ ತೋಳಿನ ಮೇಲಿನ ಇಲಾಖೆಯ ಪಟ್ಟಿಯನ್ನು ಮುಟ್ಟಿ ನೋಡಿ, "ಈ ಅಂಗಿಯ ಮೇಲೆ ಅವರಿಗೆ ಎಷ್ಟು ಸಿಟ್ಟಿತ್ತಪ್ಪ" ಎಂದರು. ಶಾಲೆಯ ಸಂಚಿಕೆಗೆ ಬರೆದು ಕೊಡಿ ಎಂದು ಕೇಳಿದಾಗ ಆ ಸಿಟ್ಟಿನ ಕಥೆಯನ್ನೇ ಬರೆಯಬೇಕೆನಿಸಿತು.

ಮಾಸ್ತರರ ಕೋಣೆ ಶಾಲೆಯ ಕೊನೆಯ ಮೂಲೆಯಲ್ಲಿತ್ತು. ಒಂದೇ ಕಿಟಕಿ. ಅದರ ಪಕ್ಕದಲ್ಲಿ ಎಸ್.ಎಂ. ಪಂಡಿತರ ಒಂದು ಹಳೆಯ ಕ್ಯಾಲೆಂಡರ್ ಚಿತ್ರ. ದಿನಾಂಕದ ಹಾಳೆಗಳು ಎಂದೋ ಹರಿದು ಹೋಗಿ ದೇವಿಯೊಬ್ಬಳೇ ಉಳಿದಿದ್ದಳು. "ಇವರು 1916ರಲ್ಲಿ ನಮ್ಮ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋದರು, ಸಿನಿಮಾ ಪೋಸ್ಟರ್ ಬರೆದರು, ಪುರಾಣದ ದೇವರುಗಳನ್ನು ಬರೆದರು. ನಿಮ್ಮ ಮನೆಯ ಜಗಲಿಯಲ್ಲಿ ನೀವು ಕೈ ಮುಗಿಯುವ ದೇವರ ಮುಖ ನಮ್ಮ ಊರಿನವರ ಕೈಯಿಂದ ಬಂದದ್ದಿರಬಹುದು" ಎನ್ನುತ್ತಿದ್ದರು. ಫರಸಿ ಹಾಸುವ ಕೂಲಿಯ ಮಗನಾದ ನನಗೆ ಆ ಮಾತು ತಲೆಗೆ ಹತ್ತಿತು. ಆ ವರ್ಷಗಳಲ್ಲಿ ಗಣಿತದಲ್ಲಿ ಏನು ಓದಿದೆನೋ ನೆನಪಿಲ್ಲ. ಆ ದೇವಿಯ ಕೊರಳ ಮೇಲೆ ಬಿದ್ದ ನೆರಳಿನ ಬಣ್ಣ ಮಾತ್ರ ಇಂದಿಗೂ ಕಣ್ಣಿನಲ್ಲಿದೆ.

ಒಂಬತ್ತನೆಯ ತರಗತಿಯಲ್ಲಿ ನಾನು ಮಾಡಿದ ಕಿತಾಪತಿಯೂ ಚಿತ್ರದ್ದೇ. ಮುಖ್ಯ ಗುರುಗಳ ಕೋಣೆಯ ಮುಂದೆ ಶಹಾಬಾದ ಫರಸಿಯ ಪಡಸಾಲೆ ಇತ್ತು. ಒಂದು ಶನಿವಾರ ಎಲ್ಲರೂ ಹೋದ ಮೇಲೆ ಚಹಾ ಅಂಗಡಿಯ ಒಲೆಯ ಇದ್ದಿಲು, ಸೀಮೆಸುಣ್ಣ, ಇಟ್ಟಿಗೆಯ ಪುಡಿ ತೆಗೆದುಕೊಂಡು ಬಾಗಿಲಿನ ಎದುರಿಗೇ ಸುರುಳಿ ಸುತ್ತಿದ ಹಾವು ಬರೆದೆ. ಆ ಬೂದುಬಣ್ಣದ ಕಲ್ಲಿನ ಮೇಲೆ ಅದು ಉಸಿರಾಡುವಂತೆ ಕಾಣುತ್ತಿತ್ತು. ಸೋಮವಾರ ಬೆಳಗ್ಗೆ ಮುಖ್ಯ ಗುರುಗಳು ಕೂಗಿಕೊಂಡು ಹಿಂದಕ್ಕೆ ಹಾರಿದರು. ಜವಾನ ಬಡಿಗೆ ತಂದು ಎರಡು ಏಟು ಹಾಕಿಯೇ ಬಿಟ್ಟ. ಬರೆದವರು ಯಾರೆಂದು ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದರು. ಯಾರೂ ಬಾಯಿ ಬಿಡಲಿಲ್ಲ.

ಆಗ ಡ್ರಾಯಿಂಗ್ ಮಾಸ್ತರರು ಬಂದು ಹಾವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಬಹಳ ಹೊತ್ತು ನೋಡಿದರು. "ಇದು ಹೆಬ್ಬಾವಿನ ಮರಿ ಇರಬೇಕು" ಎಂದರು.

"ಅಲ್ಲ ಸರ್, ಕೊಳಕುಮಂಡಲ!" ಎಂದು ಸಾಲಿನಲ್ಲಿ ನಿಂತಲ್ಲಿಂದಲೇ ಕೂಗಿಬಿಟ್ಟೆ.

ಸಿಕ್ಕಿಬಿದ್ದದ್ದು ಹಾಗೆ. ಆದರೆ ಅವರು ನಗಲಿಲ್ಲ. "ಕೊಳಕುಮಂಡಲಕ್ಕೆ ಬೆನ್ನ ಮೇಲೆ ಮೂರು ಸಾಲು ಸರಪಳಿ ಇರುತ್ತದೆ. ನೀನು ಎರಡೇ ಸಾಲು ಬರೆದಿದ್ದೀಯ. ನೋಡದೆ ಬರೆದಿದ್ದೀಯ" ಎಂದರು. ಮುಖ್ಯ ಗುರುಗಳ ಶಿಕ್ಷೆ ಇಡೀ ಪಡಸಾಲೆ ತೊಳೆಯುವುದಾಗಿತ್ತು. ಮಾಸ್ತರರ ಶಿಕ್ಷೆ ಅದೇ ಹಾವನ್ನು ಮೂರು ಸಾಲಿನೊಂದಿಗೆ ಕಾಗದದ ಮೇಲೆ ಮತ್ತೆ ಬರೆಯುವುದು. ಎರಡನೆಯ ಶಿಕ್ಷೆ ಮುಗಿಯಲು ಹನ್ನೊಂದು ದಿನ ಹಿಡಿಯಿತು.

ಇನ್ನೊಬ್ಬರನ್ನು ಬಿಟ್ಟರೆ ತಪ್ಪಾಗುತ್ತದೆ. ನಮ್ಮ ಡ್ರಿಲ್ ಮಾಸ್ತರರು ಮುಲ್ಲಾಮಾರಿ ನದಿಯ ದಂಡೆಯಲ್ಲಿ ನಮ್ಮನ್ನು ಬರಿಗಾಲಿನಲ್ಲಿ ಓಡಿಸುತ್ತಿದ್ದರು. ಮುಂದೆ ಅರಣ್ಯ ಇಲಾಖೆಯ ದೈಹಿಕ ಪರೀಕ್ಷೆಯಲ್ಲಿ ಅಳತೆಯ ಟೇಪು ಎದೆಗೆ ಸುತ್ತಿ ಉಸಿರು ತುಂಬಿಕೊ ಎಂದಾಗ, ಆ ಉಸಿರು ಅವರು ಕೊಟ್ಟದ್ದೇ ಆಗಿತ್ತು.

ಪಿಯುಸಿ ಮುಗಿಸಿ ಕಲಬುರಗಿಗೆ ಹೋಗಿ ಚಿತ್ರಕಲೆ ಓದಿದೆ. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗಳನ್ನು ಮಾಸ್ತರರ ಕೈಯಲ್ಲಿಯೇ ಮುಗಿಸಿದ್ದ ನನಗೆ ಅಲ್ಲಿ ಕಷ್ಟವೆನಿಸಲಿಲ್ಲ. ನನ್ನ ರೇಖೆಯನ್ನು ಅಲ್ಲಿಯ ಗುರುಗಳು ಇತರರಿಗೆ ತೋರಿಸುತ್ತಿದ್ದರು. ಹೊಟ್ಟೆಯದೇ ಕಷ್ಟ. ಬಿಡುವಿನಲ್ಲಿ ಅಂಗಡಿಯ ಬೋರ್ಡು, ಲಾರಿಯ ಹಿಂಭಾಗ ಬರೆದು ಖರ್ಚು ತೂಗಿಸುತ್ತಿದ್ದೆ. ಕಣ್ಣೆದುರಿಗೇ ಫ್ಲೆಕ್ಸ್ ಬಂದಿತು. ಎರಡು ದಿನ ಏಣಿಯ ಮೇಲೆ ನಿಂತು ಬರೆಯುವ ಬೋರ್ಡು ಅರ್ಧ ಗಂಟೆಯಲ್ಲಿ ಯಂತ್ರದಿಂದ ಉರುಳಿ ಬೀಳುವಾಗ, ನನಗೆ ಕೆಲಸ ಕಲಿಸಿದ ಹಿರಿಯ ಪೇಂಟರ್ ಒಬ್ಬರು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಟ್ಟಿಟ್ಟರು. ಅವರು ಮತ್ತೆ ಆ ಕಟ್ಟನ್ನು ಬಿಚ್ಚಲಿಲ್ಲ.

ನನಗೆ ಬರೋಡಾಕ್ಕೆ ಹೋಗಿ ಮುಂದೆ ಓದುವ ಆಸೆ. ಅದೇ ಹೊತ್ತಿಗೆ, ಸಂವಿಧಾನಕ್ಕೆ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದವರಿಗೆಂದು ಮೀಸಲಾದ ಹುದ್ದೆಗಳಲ್ಲಿ, ಅರಣ್ಯ ರಕ್ಷಕನ ಕೆಲಸದ ಆದೇಶ ಕೈಗೆ ಬಂದಿತು. ತಂಗಿಯ ಮದುವೆ ಗೊತ್ತಾಗಿತ್ತು. ಅಪ್ಪನ ಬೆನ್ನು ಫರಸಿ ಎತ್ತಿ ಎತ್ತಿ ಬಾಗಿತ್ತು. ಅಪ್ಪ ಒತ್ತಾಯಿಸಲಿಲ್ಲ. "ನೌಕರಿ ಮಾಡುವವನು ಚಿತ್ರ ಬರೆಯಬಾರದೆಂದು ಸರ್ಕಾರ ಹೇಳಿಲ್ಲವಲ್ಲ" ಎಂದಷ್ಟೇ ಅಂದ.

ಆದೇಶವನ್ನು ಮಾಸ್ತರರಿಗೆ ತೋರಿಸಲು ಹೋದೆ. ಅವರು ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಕೈಗಿತ್ತರು. "ಸಂಬಳಕ್ಕೆ ಒಪ್ಪಿದ ಚಿತ್ರಗಾರ ಈ ಊರಿಗೆ ನಾನೊಬ್ಬ ಸಾಕಾಗಿದ್ದೆ" ಎಂದರು. ಅವ್ವ ತಂದ ಚಹಾ ಆರುವವರೆಗೂ ಮತ್ತೆ ಮಾತನಾಡಲಿಲ್ಲ. ಅವರಿಗೂ ಒಂದು ಮುಂಬೈ ಇತ್ತೆಂದು ನನಗೆ ಅಂದು ಗೊತ್ತಾಯಿತು. ಆದರೂ ನಾನು ನೌಕರಿಗೆ ಸೇರಿದೆ. ಎರಡು ವರ್ಷ ಅವರ ಓಣಿಯಲ್ಲಿ ಹಾಯಲಿಲ್ಲ.

ಕೆಲಸ ಹಗುರವಾದದ್ದಲ್ಲ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಈ ಕಾಡು ಸುಮಾರು 135 ಚದರ ಕಿಲೋಮೀಟರು. ತೇಗ, ಮುತ್ತುಗ, ಶ್ರೀಗಂಧ, ರಕ್ತಚಂದನದ ನಡುವೆ ತೋಳ, ಕೊಂಡುಕುರಿ, ಕತ್ತೆಕಿರುಬ. ಶ್ರೀಗಂಧ ಕಡಿಯುವವರು ಬೆಳದಿಂಗಳಿಗೆ ಕಾಯುತ್ತಾರೆ, ನಾವೂ ಕಾಯಬೇಕು. ಮರದ ಬುಡ ಅಳೆದು, ಮಹಜರು ಬರೆದು, ಸ್ಥಳದ ನಕ್ಷೆ ತಯಾರಿಸಬೇಕು. ನಮ್ಮ ವಲಯದಲ್ಲಿ ನಕ್ಷೆ ಎಂದರೆ ನನ್ನನ್ನೇ ಕರೆಯುತ್ತಾರೆ. ನಾನು ಬರೆದ ಬುಡದ ಚಿತ್ರ ನೋಡಿ ಕೊಡಲಿ ಯಾವ ಕೈಯಿಂದ ಬಿದ್ದಿತೆಂದು ಹೇಳಬಹುದು ಎಂದು ಮೇಲಧಿಕಾರಿಯೊಬ್ಬರು ಮೆಚ್ಚಿದ್ದುಂಟು. ಕಳ್ಳರನ್ನು ಹಿಡಿಯುವುದಕ್ಕಿಂತ ಕಠಿಣವಾದದ್ದು ಬೇರೆ ಇದೆ. ಒಂದು ಸಂಜೆ ಕಟ್ಟಿಗೆಯ ಹೊರೆ ಹೊತ್ತು ಎದುರಿಗೆ ಬಂದವಳು ನನ್ನ ಪಕ್ಕದಲ್ಲಿ ಕುಳಿತು ಓದಿದ ತಾಂಡಾದ ಹುಡುಗನ ತಾಯಿ. ಒಣಗಿದ ಕಟ್ಟಿಗೆಯನ್ನು ಬಿಟ್ಟು, ಹಸಿಯ ಎರಡು ತುಂಡುಗಳನ್ನು ಇಳಿಸಿಕೊಂಡೆ. ಆಕೆ ನನ್ನ ಹೆಸರು ಹಿಡಿದು ಕರೆದು ಏನೋ ಹೇಳಹೊರಟು ಸುಮ್ಮನಾದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬಾರದ ಇಂತಹ ರಾತ್ರಿಗಳಲ್ಲಿಯೇ ಬರೆಯಲು ಶುರು ಮಾಡಿದೆ. ಚಂದ್ರಂಪಳ್ಳಿ ಜಲಾಶಯದ ಕೆಸರಿನ ಮೇಲಿನ ಹೆಜ್ಜೆಗಳು, ಎಲೆ ಉದುರಿದ ಮುತ್ತುಗ, ಎತ್ತಿಪೋತ ಜಲಪಾತದ ಬಂಡೆ. ಒಂದು ಪುಸ್ತಕ ತುಂಬಿದಾಗ ಧೈರ್ಯ ಮಾಡಿ ಮಾಸ್ತರರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಪುಟ ತಿರುಗಿಸತೊಡಗಿದರು. ಒಂದು ಕಡೆ ಬೆರಳು ನಿಂತಿತು. "ಅಳತೆ ತಪ್ಪಿದ್ದೀಯ. ಮುಂದಿನ ಪಾದ ದೊಡ್ಡದು, ಹಿಂದಿನದು ಸಣ್ಣದು. ಒಂದೇ ಪ್ರಾಣಿಯಲ್ಲವೇ ಇದು?"

"ಕತ್ತೆಕಿರುಬ ಸರ್. ಅದಕ್ಕೆ ಮುಂದಿನ ಪಾದವೇ ದೊಡ್ಡದು."

"ನೋಡಿದ್ದೀಯ?"

"ಅಳೆದಿದ್ದೇನೆ ಸರ್."

ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ಆ ಪುಟದ ಮೂಲೆಯಲ್ಲಿ ತರಗತಿಯಲ್ಲಿ ಹಾಕುತ್ತಿದ್ದಂತಹದೇ ಸರಿ ಗುರುತು ಹಾಕಿದರು. ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ; ಮುಂದಿನ ಸಲ ಹೋದಾಗಲೂ ಬರೋಡಾದ ಮಾತು ತೆಗೆದರು. ಆದರೆ ಪುಸ್ತಕ ತುಂಬಿದಾಗಲೆಲ್ಲ ತೆಗೆದುಕೊಂಡು ಬಾ ಎಂದರು. ಏಳು ಪುಸ್ತಕಗಳಲ್ಲಿ ಅವರ ಗುರುತುಗಳಿವೆ. ಎಂಟನೆಯದು ಅರ್ಧ ತುಂಬಿದೆ.

ಮಣ್ಣಿನ ಮರುದಿನ ಶಾಲೆಗೂ ಹೋಗಿದ್ದೆ. ಹೊಸ ಕಟ್ಟಡ, ಕಂಪ್ಯೂಟರ್, ಸಂತೋಷವಾಯಿತು. ಡ್ರಾಯಿಂಗ್ ಕೋಣೆಗೆ ಮಾತ್ರ ಬೀಗ. ಮಾಸ್ತರರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲವಂತೆ. ಆ ಅವಧಿಯಲ್ಲಿ ಮಕ್ಕಳಿಗೆ ವಿಜ್ಞಾನದ ಪ್ರಶ್ನೋತ್ತರ ಬರೆಸುತ್ತಾರಂತೆ. ಅಂಕಗಳು ಬೇಕು, ನಿಜ. ಆದರೆ ಕೊಳಕುಮಂಡಲದ ಬೆನ್ನ ಮೇಲೆ ಎಷ್ಟು ಸಾಲು ಎಂದು ನಾನು ಕೇಳಿದಾಗ, ಹಾವುಗಳ ಈ ಸೀಮೆಯಲ್ಲಿ ಬೆಳೆದ ಒಂದು ಮಗುವೂ ಹೇಳಲಿಲ್ಲ.

ಕಿಟಕಿಯಿಂದ ಇಣುಕಿ ನೋಡಿದೆ. ಪಂಡಿತರ ದೇವಿ ಇನ್ನೂ ಅಲ್ಲಿದ್ದಾಳೆ, ಕೆಳಗಿನ ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ನನಗೆ ರಜೆ ಸಿಗುವ ಎರಡನೆಯ ಶನಿವಾರಗಳಂದು ಬೆಳಗ್ಗೆ ಬಂದು ಮಕ್ಕಳಿಗೆ ಚಿತ್ರ ಹೇಳಿಕೊಡಲು ಸಿದ್ಧನಿದ್ದೇನೆ. ಕಾಗದ, ಪೆನ್ಸಿಲ್ ನಾನೇ ತರುತ್ತೇನೆ. ಆ ಬೀಗದ ಕೀಲಿ ಯಾರ ಬಳಿ ಇದೆ ಎಂದು ಈಗಿನ ಗುರುಗಳು ತಿಳಿಸಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.