‘ಅದು ಹೇಗೆ ಕೂತು ನೋಡುತ್ತೀರಿ?’

ಪ್ರಶ್ನೆ ಒಂದೇ, ಕೇಳುವವರು ಮಾತ್ರ ಬೇರೆ ಬೇರೆ. ‘ಆ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು, ಅದರಲ್ಲೂ ಭಾಷೆಯೇ ಬಾರದ ದೇಶಗಳ ಚಿತ್ರಗಳನ್ನು, ಅಷ್ಟು ಹೊತ್ತು ಅದು ಹೇಗೆ ಕೂತು ನೋಡುತ್ತೀರಿ?’ ಮೊದಮೊದಲು ನಾನು ವಿನಯದಿಂದಲೇ ಉತ್ತರಿಸುತ್ತಿದ್ದೆ. ಅಭಿರುಚಿ, ಕುತೂಹಲ, ಬಿಡುವು ಎಂದು ಏನಾದರೊಂದು ಹೇಳಿ ಪಾರಾಗುತ್ತಿದ್ದೆ. ಈಗ ಸಾಕಾಗಿದೆ. ಬರೆದಿಟ್ಟರೆ ಮುಂದೆ ಕೇಳುವವರಿಗೆ ಇದನ್ನೇ ಕೊಟ್ಟು ಸುಮ್ಮನಿರಬಹುದು.

ಉತ್ತರ ಚಿಕ್ಕದು: ಕುರ್ಚಿಯ ಮೇಲೆ ಕೂತು ನೋಡುತ್ತೇನೆ. ನನಗೆ ಸಿಟ್ಟು ಬರುವುದು ‘ಏಕೆ’ ಎಂದು ಕೇಳದೆ ‘ಹೇಗೆ’ ಎಂದು ಕೇಳುವ ಧಾಟಿಗೆ. ಮುಳ್ಳಿನ ಹಾಸಿಗೆಯ ಮೇಲೆ ಮಲಗುವವರನ್ನು ಹಾಗೆ ಕೇಳಿದರೆ ಒಪ್ಪಬಹುದು. ಅದರ ಬೆನ್ನಿಗೇ ‘ನಮಗಂತೂ ಅಷ್ಟು ತಾಳ್ಮೆ ಇಲ್ಲಪ್ಪ’ ಎಂಬ ಮಾತು ಬರುತ್ತದೆ. ಮೇಲೆ ಹೊಗಳಿಕೆ, ಒಳಗೆ ‘ಇವರಿಗೆ ಬೇರೆ ಕೆಲಸವಿಲ್ಲ’ ಎಂಬ ತೀರ್ಪು. ತಾಳ್ಮೆ ನನಗೂ ಇಲ್ಲ. ಸರದಿಯಲ್ಲಿ ಐದು ನಿಮಿಷ ನಿಂತರೆ ಗೊಣಗುವ ಮನುಷ್ಯ ನಾನು. ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) 207 ನಿಮಿಷಗಳ ಚಿತ್ರ. ಅದನ್ನು ನೋಡುವಾಗ ನನ್ನ ತಾಳ್ಮೆ ಕೆಟ್ಟದ್ದು ನಡುವಿನ ವಿರಾಮದಲ್ಲಿ ಮಾತ್ರ.

‘ನಿಧಾನ’ ಎಂದು ದೂರುವವರೇ ಇನ್ನೊಂದು ದಿನ ಮೂಕಿ ಚಿತ್ರದ ತುಣುಕೊಂದನ್ನು ನೋಡಿ, ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳಂತೆ ಓಡುತ್ತಾರೆಂದು ನಗುತ್ತಾರೆ. ಆ ಓಟ ಚಿತ್ರದ್ದಲ್ಲ. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮುಗಳಂತೆ ತೆಗೆದ ಎಷ್ಟೋ ಚಿತ್ರಗಳನ್ನು, ಮಾತು ಬಂದ ಮೇಲೆ ರೂಢಿಯಾದ 24ರ ವೇಗದಲ್ಲಿ ಓಡಿಸಿದರೆ ಶವಯಾತ್ರೆಯೂ ಓಟದ ಸ್ಪರ್ಧೆಯಾಗುತ್ತದೆ. ಈ ವಿವರಣೆಯನ್ನು ನಾನು ಹಲವರಿಗೆ ಕೊಟ್ಟಿದ್ದೇನೆ. ಮುಗಿಯುವವರೆಗೆ ಕೇಳಿಸಿಕೊಂಡವರು ಕಡಿಮೆ.

ಒಮ್ಮೆ ಹಳೆಯ ಗೆಳೆಯನೊಬ್ಬ ‘ನೀನು ನೋಡುವುದನ್ನೇ ನನಗೂ ತೋರಿಸು’ ಎಂದು ಹಟ ಹಿಡಿದ. ನಾನು ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಹಾಕಿದೆ. ಓನೊಮಿಚಿಯ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ, ಮಕ್ಕಳಿಗೆ ಪುರಸೊತ್ತಿಲ್ಲ, ಯುದ್ಧದಲ್ಲಿ ಇಲ್ಲವಾದ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಊರು ತೋರಿಸುತ್ತಾಳೆ. ಇಪ್ಪತ್ತನೆಯ ನಿಮಿಷಕ್ಕೆ ಗೆಳೆಯ ‘ಕತೆ ಶುರುವಾಗುವುದು ಯಾವಾಗ?’ ಎಂದು ಕೇಳಿದ. ಓಜು ಅವರ ಕ್ಯಾಮೆರಾ ನೆಲದ ಮೇಲೆ ಕೂತವರ ಎತ್ತರದಲ್ಲೋ, ಅದಕ್ಕಿಂತ ತುಸು ಕೆಳಗೋ ನಿಂತು ನೋಡುತ್ತದೆ. ಮಾತಾಡಿದವರು ಎದ್ದು ಹೋದ ಮೇಲೂ ಖಾಲಿ ಕೋಣೆಯನ್ನು ಬಿಟ್ಟು ಬೇಗ ಕದಲುವುದಿಲ್ಲ. ಅಂಥ ಪ್ರತಿಯೊಂದು ಖಾಲಿ ಕೋಣೆ ಬಂದಾಗಲೂ ಗೆಳೆಯ, ಯಂತ್ರ ಕೆಟ್ಟಿತೇನೋ ಎಂಬಂತೆ, ನನ್ನ ಮುಖ ನೋಡುತ್ತಿದ್ದ. ಮಕ್ಕಳು ಅಪ್ಪ ಅಮ್ಮನನ್ನು ಅತಾಮಿಯ ಬಿಸಿನೀರಿನ ಬುಗ್ಗೆಗಳ ಊರಿಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯಿಡೀ ಗದ್ದಲ. ಮುದುಕ ಮುದುಕಿ ನಿದ್ದೆಯಿಲ್ಲದೆ ಹೊರಳಾಡುತ್ತಾರೆ. ಸರಿಯಾಗಿ ಆ ಹೊತ್ತಿಗೆ ನನ್ನ ಗೆಳೆಯ ಗೊರಕೆ ಹೊಡೆಯುತ್ತಿದ್ದ.

ಅವನ ನಿದ್ದೆಯಿಂದ ನನಗೆ ಬೇಸರವಾಗಲಿಲ್ಲ. ಅವನು ಎಚ್ಚರವಾಗಿದ್ದಷ್ಟು ಹೊತ್ತು ನಾನೂ ಅವನ ಕಣ್ಣಿನಿಂದಲೇ ನೋಡುತ್ತ, ಆ ಚಿತ್ರವನ್ನು ನಾನೇ ತೆಗೆದವನಂತೆ ಒಳಗೊಳಗೇ ಕ್ಷಮೆ ಕೇಳುತ್ತ, ಅಷ್ಟು ಇಷ್ಟದ ಚಿತ್ರದಲ್ಲಿ ಮೊದಲ ಬಾರಿಗೆ ನಿಮಿಷ ಎಣಿಸಿದೆನಲ್ಲ, ಅದರಿಂದ ಆಯಿತು. ಅಂದಿನಿಂದ ಯಾರಿಗೂ ಏನನ್ನೂ ತೋರಿಸುವುದಿಲ್ಲ. (ಮಹಾನ್ ಚಿತ್ರಗಳ ನಡುವೆ ನಾನೂ ತೂಕಡಿಸಿದ್ದೇನೆ. ಯಾವುವೆಂದು ಹೇಳುವುದಿಲ್ಲ.)

ಇನ್ನು ಕೆಲವರು ‘ಅರ್ಥವಾಗುತ್ತದೆಯೇ?’ ಎಂದು ಕೇಳುತ್ತಾರೆ. ‘ಏನು ಅರ್ಥವಾಗಲಿಲ್ಲ?’ ಎಂದು ಯಾರಾದರೂ ಕೇಳಿದ್ದರೆ ರಾತ್ರಿಯಿಡೀ ಮಾತಾಡುತ್ತಿದ್ದೆ. ನಾನು ಜಪಾನಿ, ಫ್ರೆಂಚ್, ಇಟಾಲಿಯನ್ ಚಿತ್ರಗಳನ್ನು ನೋಡುತ್ತೇನೆಂಬುದು ಅರ್ಧ ಸತ್ಯ. ಕಿವಿಗೆ ಅರ್ಥವಾಗದ ದನಿಗಳನ್ನು ಕೇಳುತ್ತ, ಪರದೆಯ ಅಡಿಯಲ್ಲಿ ಓಡುವ ಇಂಗ್ಲಿಷ್ ಸಾಲುಗಳನ್ನು ಓದುತ್ತೇನೆ. ಆ ಇಂಗ್ಲಿಷಿಗೆ ಇರುವುದೊಂದೇ ‘ಯೂ’. ನೊರಿಕೊ ಅತ್ತೆ ಮಾವಂದಿರೊಡನೆ ಆಡುವ ಗೌರವದ ಜಪಾನಿಯೂ, ಸ್ವಂತ ಮಗಳು ಅದೇ ಅಪ್ಪ ಅಮ್ಮನೊಡನೆ ಆಡುವ ಒರಟು ಮಾತೂ ಅಡಿಬರಹಕ್ಕೆ ಇಳಿಯುವ ಹೊತ್ತಿಗೆ ಒಂದೇ ‘ಯೂ’ ಆಗಿ ಚಪ್ಪಟೆಯಾಗುತ್ತವೆ. ‘ನೀನು’, ‘ನೀವು’, ‘ತಾವು’ ಎಂಬ ಮೆಟ್ಟಿಲುಗಳ ಮೇಲೆ ಹತ್ತಿಳಿದು ಬೆಳೆದ ಕಿವಿಗೆ ಅಲ್ಲೇನೋ ಇದೆಯೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಆಗ ನಾನೇ ಕನ್ನಡದ ಸರ್ವನಾಮಗಳನ್ನು ಹಂಚಿಬಿಡುತ್ತೇನೆ. ಎಷ್ಟು ಬಾರಿ ತಪ್ಪು ಹಂಚಿದ್ದೇನೋ!

ಒಂದು ಕಡೆ ಮಾತ್ರ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರವೆನಿಸಿತು. ಝಾಂ ರೆನ್ವಾರ್ ಅವರ ‘ಲಾ ಗ್ರಾಂದ್ ಇಲ್ಯೂಸಿಯೋಂ’ (1937) ಮೊದಲ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಫ್ರೆಂಚ್ ಅಧಿಕಾರಿಗಳ ಕತೆ. ಸಾಮಾನ್ಯ ಮನೆಯ ಮರೆಶಾಲ್ ಮತ್ತು ಶ್ರೀಮಂತ ವಂಶದ ಬ್ವೆಲ್ದ್ಯು ಹದಿನೆಂಟು ತಿಂಗಳು ಜೊತೆಗಿದ್ದಾರೆ. ಆದರೂ ಒಬ್ಬರನ್ನೊಬ್ಬರು ‘ವೂ’ ಎಂದೇ, ಅಂದರೆ ‘ನೀವು’ ಎಂದೇ ಮಾತಾಡಿಸುತ್ತಾರೆ. ಮರೆಶಾಲ್ ಅದನ್ನು ಎತ್ತಿದಾಗ, ಬಿಳಿ ಕೈಗವಸುಗಳನ್ನು ತೊಳೆಯುತ್ತಿರುವ ಬ್ವೆಲ್ದ್ಯು, ತಾನು ತಾಯಿಗೂ ‘ನೀವು’ ಎನ್ನುತ್ತೇನೆ, ಹೆಂಡತಿಗೂ ‘ನೀವು’ ಎನ್ನುತ್ತೇನೆ ಎಂದುಬಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನು ಮರೆಶಾಲ್ ತಪ್ಪಿಸಿಕೊಳ್ಳಲೆಂದು ತನ್ನ ಪ್ರಾಣವನ್ನೇ ಒಡ್ಡುವವನು. ಪ್ರಾಣ ಕೊಟ್ಟಾನು, ‘ನೀನು’ ಎನ್ನಲಾರ. ಇದನ್ನು ಇಂಗ್ಲಿಷಿನ ಅಡಿಬರಹ ಸುತ್ತಿಬಳಸಿ ಹೇಳಬೇಕು. ನನಗೆ ಎರಡು ಅಕ್ಷರದಲ್ಲಿ ಮುಟ್ಟಿತು.

ಗೊರಕೆ ಹೊಡೆದ ಗೆಳೆಯ ತಿಂಗಳುಗಳ ನಂತರ ಫೋನಿನಲ್ಲಿ ಬೇರೇನೋ ಮಾತಾಡುತ್ತ, ನಡುವೆ ಥಟ್ಟನೆ, ‘ಅಂದ ಹಾಗೆ, ಆ ಅಜ್ಜಿ ಊರು ತಲುಪಿದರಾ?’ ಎಂದು ಕೇಳಿದ.

‘ತಲುಪಿದರು’ ಎಂದೆ. ಸುಳ್ಳೇನಲ್ಲ. ಅನಂತರ ಆದದ್ದನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.