ಸಂದು ಇಟ್ಟಿಗೆಗಿಂತ ಮೆತ್ತಗಿರಬೇಕು

ಇಟ್ಟಿಗೆ ಗೋಡೆ ಕಟ್ಟುವುದು, ಹಳೆ ಗೋಡೆ ರಿಪೇರಿ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತು ಒಂದೇ: "ಮೇಸ್ತ್ರಿ, ಸಿಮೆಂಟ್ ಇನ್ನೊಂದು ಬಾಂಡ್ಲಿ ಹಾಕಿ, ಗಟ್ಟಿಯಾಗಿರಲಿ." ದುಡ್ಡು ಹಾಕುವವರು ಗಟ್ಟಿ ಕೆಲಸ ಕೇಳುವುದು ಸಹಜ. ಆದರೆ ಗಾರೆ ಗಟ್ಟಿಯಾದಷ್ಟೂ ಗೋಡೆ ಗಟ್ಟಿ ಅನ್ನುವ ಲೆಕ್ಕ ಸರಿಯಲ್ಲ. ಹಳೆ ಗೋಡೆಯಲ್ಲಂತೂ ಅದು ಪೂರ್ತಿ ಉಲ್ಟಾ.

ಈಚೆಗೆ ಒಂದು ಗೋಡೆ ನೋಡಿದೆ. ಮೊದಲು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸಂದುಗಳು ಸವೆದಿವೆ ಅಂತ ಆಮೇಲೆ ಯಾರೋ ಗಟ್ಟಿ ಸಿಮೆಂಟ್ ಗಾರೆ ತುಂಬಿ ಪಾಯಿಂಟಿಂಗ್ ಮಾಡಿದ್ದರು. ಆ ಪಾಯಿಂಟಿಂಗ್ ಒಂಚೂರೂ ಹಾಳಾಗಿರಲಿಲ್ಲ. ಗೆರೆ ಗೆರೆಯಾಗಿ, ಜಾಲರಿಯ ಹಾಗೆ ಎದ್ದು ನಿಂತಿತ್ತು. ಹಾಳಾಗಿದ್ದು ಇಟ್ಟಿಗೆ. ಒಂದೊಂದು ಇಟ್ಟಿಗೆಯ ಮುಖವೂ ಸವೆದು ಒಳಗೆ ಗುಳಿಬಿದ್ದಿತ್ತು. ಉಗುರಲ್ಲಿ ಕೆರೆದರೆ ಕೆಂಪು ಪುಡಿ. ಬೆರಳಲ್ಲಿ ಒತ್ತಿದರೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಒಂದು ಹಕ್ಕಳೆ ತಿರುಗಿಸಿ ನೋಡಿದೆ, ಹಿಂಬದಿಯಲ್ಲಿ ಬಿಳಿ ಉಪ್ಪು ಮೆತ್ತಿಕೊಂಡಿತ್ತು.

ಹೀಗಾಗುವುದು ಯಾಕೆ ಅಂದರೆ, ಇಟ್ಟಿಗೆ ನೀರು ಕುಡಿಯುತ್ತದೆ. ಮಳೆ ನೀರು, ನೆಲದ ತೇವ, ಪೈಪ್ ಸೋರಿದ್ದು, ಯಾವುದಾದರೂ ಸರಿ. ಕುಡಿದ ನೀರು ಆರಿ ಹೊರಗೆ ಹೋಗಲೇಬೇಕು. ಸುಣ್ಣದ ಗಾರೆ ಇದ್ದರೆ ಹೆಚ್ಚಿನದು ಸಂದಿನ ಮೂಲಕವೇ ಹೋಗುತ್ತದೆ. ಹೋಗುವಾಗ ಕರಗಿದ ಉಪ್ಪನ್ನೂ ಜೊತೆಗೆ ಒಯ್ಯುತ್ತದೆ. ಆ ಉಪ್ಪು ಸಂದಿನಲ್ಲಿ ಹರಳುಗಟ್ಟಿ, ಗಾರೆಯನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತದೆ. ತಿನ್ನಲಿ ಬಿಡಿ, ಗಾರೆ ಇರುವುದೇ ಅದಕ್ಕೆ. ಸವೆದ ಗಾರೆ ಕೆರೆದು ಹೊಸದು ತುಂಬಬಹುದು. ಅದೇ ಸಂದಿಗೆ ಸಿಮೆಂಟ್ ಹಾಕಿ ಮುಚ್ಚಿದರೆ ನೀರಿಗೆ ಇಟ್ಟಿಗೆಯ ಮುಖವೊಂದೇ ದಾರಿ. ಉಪ್ಪು ಇಟ್ಟಿಗೆಯ ಒಳಗೇ ಹರಳಾಗಿ ಮುಖವನ್ನು ಹೊರಗೆ ತಳ್ಳುತ್ತದೆ. ಹಿಮ ಬೀಳುವ ಕಡೆ ಒಳಗೆ ಸಿಕ್ಕ ನೀರು ಹೆಪ್ಪುಗಟ್ಟಿ ಇದೇ ಕೆಲಸ ಮಾಡುತ್ತದೆ. ಇಷ್ಟಲ್ಲದೆ ಬಿಸಿಲಿಗೆ, ಚಳಿಗೆ ಗೋಡೆ ಕೂದಲೆಳೆಯಷ್ಟು ಅಲ್ಲಾಡುತ್ತಲೇ ಇರುತ್ತದೆ. ಮೆತ್ತನೆ ಸಂದು ಅದನ್ನು ತಡೆದುಕೊಳ್ಳುತ್ತದೆ. ಗಾರೆ ಇಟ್ಟಿಗೆಗಿಂತ ಗಟ್ಟಿಯಾಗಿದ್ದರೆ ಬಿರುಕು ಇಟ್ಟಿಗೆಯನ್ನೇ ಸೀಳಿಕೊಂಡು ಹೋಗುತ್ತದೆ.

ಈಗ ಎಲ್ಲರೂ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದಿದ್ದು 1824ರಲ್ಲಿ. ಅದಕ್ಕೂ ಮುಂಚೆ ಸಾವಿರಾರು ವರ್ಷ ಗೋಡೆಗಳು ನಿಂತಿದ್ದು ಸುಣ್ಣದ ಮೇಲೆ, ಮಣ್ಣಿನ ಮೇಲೆ. ಹಾಗಾಗಿ ಹಳೆ ಗೋಡೆ ಕಂಡರೆ ನಾನು ಮೊದಲು ಒಂದು ಮೊಳೆ ತಗೊಂಡು ಸಂದು ಕೆರೆದು ನೋಡುತ್ತೇನೆ. ಸಲೀಸಾಗಿ ಕೆರೆದು ಬಂತು, ಬಣ್ಣ ಬೆಳ್ಳಗಿದೆ, ನಡುವೆ ಬಿಳಿ ಸುಣ್ಣದ ಚೂರುಗಳಿವೆ ಅಂದರೆ ಅದು ಸುಣ್ಣದ ಗಾರೆ. ಅದಕ್ಕೆ ಸುಣ್ಣವನ್ನೇ ಹಾಕಬೇಕು.

ಪಾಯಿಂಟಿಂಗ್ ಮಾಡುವಾಗ ಅವಸರ ಕೂಡದು. ಮೇಲೆ ಮೇಲೆ ಮೆತ್ತಿದ ಗಾರೆ ನಿಲ್ಲುವುದೇ ಇಲ್ಲ. ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಹಳೆಯದನ್ನು ತೆಗೆಯಬೇಕು. ಸಂದು 10 ಮಿಲಿಮೀಟರ್ ಇದ್ದರೆ ಆಳ 20ರಿಂದ 25. ಮೆತ್ತನೆ ಹಳೆ ಗೋಡೆಗೆ ಕೊರೆಯುವ ಗ್ರೈಂಡರ್ ಮೆಷಿನ್ ಹಚ್ಚಲು ನಾನು ಬಿಡುವುದಿಲ್ಲ. ನಿಂತ ಸಂದಿನಲ್ಲಿ, ಅಂದರೆ ಅಕ್ಕಪಕ್ಕದ ಇಟ್ಟಿಗೆಗಳ ನಡುವಿನ ಸಂದಿನಲ್ಲಿ, ಬ್ಲೇಡ್ ಸ್ವಲ್ಪ ಮುಂದೆ ಹೋದರೂ ಮೇಲಿನ, ಕೆಳಗಿನ ಇಟ್ಟಿಗೆಗೆ ಗಾಯ. ಒಮ್ಮೆ ಆದ ಗಾಯ ಮಾಯುವುದಿಲ್ಲ ಅಲ್ವಾ? ಸಂದಿಗಿಂತ ಸಣ್ಣ ಉಳಿ, ಚಿಕ್ಕ ಸುತ್ತಿಗೆ ಸಾಕು. ಹಿಂಬದಿ ಚೌಕವಾಗಿ ಬರಬೇಕು. ಮೂಲೆಯಲ್ಲಿ ಹಳೆ ಗಾರೆ ಉಳಿದು ಗುಂಡಗಾದರೆ ಹೊಸದಕ್ಕೆ ಹಿಡಿತ ಸಿಗುವುದಿಲ್ಲ. ಆಮೇಲೆ ದೂಳು ಗುಡಿಸಿ, ಸಂದು ಒದ್ದೆ ಮಾಡಿ, ಗಟ್ಟಿಯಾಗಿ ಕಲಸಿದ ಗಾರೆಯನ್ನು ಪದರ ಪದರವಾಗಿ ಒತ್ತಿ ತುಂಬಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸಾಮಾನ್ಯ ಲೆಕ್ಕ. ಇಟ್ಟಿಗೆಯ ಅಂಚು ಸವೆದು ಗುಂಡಗಾಗಿದ್ದರೆ ಗಾರೆಯನ್ನು ಸ್ವಲ್ಪ ಒಳಗೇ ನಿಲ್ಲಿಸಿ. ಮುಖದ ಮೇಲೆ ತೆಳುವಾಗಿ ಹರಡಿದ ಗಾರೆ ಬೇಗ ಬಿಟ್ಟುಕೊಂಡು, ಅದರ ಹಿಂದೆ ನೀರು ನಿಲ್ಲುತ್ತದೆ.

ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಸಂದನ್ನು ಮೆಲ್ಲಗೆ ಕುಟ್ಟುತ್ತೇನೆ. ಮೇಲ್ಮೈ ಒರಟಾಗುತ್ತದೆ, ಆರುವುದಕ್ಕೆ ಅನುಕೂಲ. ಆಮೇಲೆ ಒದ್ದೆ ಗೋಣಿಚೀಲದ ಹೊದಿಕೆ, ಕೆಲವು ದಿನ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಗಟ್ಟಿಯಾಗುತ್ತದೆ. ಅದಕ್ಕೆ ತೇವ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ ಅಷ್ಟೇ.

ಹಾಗಂತ ಹೊಸ ಗೋಡೆಗೆ ಸಿಮೆಂಟ್ ಬೇಡ ಅಂತಲ್ಲ. ಚೆನ್ನಾಗಿ ಬೆಂದ ಗಟ್ಟಿ ಇಟ್ಟಿಗೆಗೆ ಸಿಮೆಂಟ್ ಗಾರೆ ಹಾಕಬಹುದು. ಒಂಬತ್ತು ಇಂಚಿನ ಗೋಡೆಗೆ ಸಿಮೆಂಟ್ ಒಂದು, ಮರಳು ಆರು. ಅರ್ಧ ಇಟ್ಟಿಗೆ ದಪ್ಪದ ಗೋಡೆಗೆ ಒಂದಕ್ಕೆ ನಾಲ್ಕು. ಇಟ್ಟಿಗೆ ನೆನೆಸಿ, ಮೇಲಿನ ನೀರು ಆರಿದ ಮೇಲೆ ಇಡಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಎಳೆದುಕೊಂಡು ಬಿಡುತ್ತದೆ, ಎರಡೂ ಹಿಡಿಯುವುದಿಲ್ಲ. ನೀರು ತೊಟ್ಟಿಕ್ಕುತ್ತಿದ್ದರೆ ಇಟ್ಟಿಗೆ ಜಾರುತ್ತದೆ. ನಿಂತ ಸಂದುಗಳನ್ನು ಪೂರ್ತಿ ತುಂಬಿಸುವುದರ ಮೇಲೆ ಕಣ್ಣಿಡಿ. ಎಷ್ಟೋ ಕಡೆ ಮುಂದೆ ಮಾತ್ರ ಕರಣೆ ಸವರಿ, ಒಳಗೆ ಖಾಲಿ ಬಿಟ್ಟಿರುತ್ತಾರೆ. ಮಳೆ ನೀರು ಒಳಗೆ ಬರುವುದು ಅಲ್ಲಿಂದಲೇ. ಒಂದು ದಿನಕ್ಕೆ ಒಂದು ಮೀಟರಿಗಿಂತ ಎತ್ತರ ಏರಿಸದಿದ್ದರೆ ಒಳ್ಳೆಯದು, ಏರಿಸಿದರೆ ಕೆಳಗಿನ ಹಸಿ ಗಾರೆ ಭಾರಕ್ಕೆ ಹಿಂಡಿ ಬರುತ್ತದೆ. ಕನಿಷ್ಠ 7 ದಿನ ನೀರು ಹಾಕಿ.

ಇನ್ನು ಕ್ಲೀನಿಂಗ್. ಗಾರೆ ಸಿಡಿದರೆ ಹಸಿಯಲ್ಲಿ ಒರೆಸಬೇಡಿ, ಬಿಳಿ ಕಲೆ ಹರಡುತ್ತದೆ. ಸ್ವಲ್ಪ ಒಣಗಲಿ, ಮರದ ಚಕ್ಕೆಯಿಂದ ಎಬ್ಬಿಸಿ. ತಂತಿ ಬ್ರಷ್ ಬೇಡ, ಉದುರಿದ ತಂತಿ ತುಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಗೋಡೆ ಉಪ್ಪು ಬಿಟ್ಟಿದ್ದರೆ ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಆಚೆ ಹಾಕಿ. ನೀರು ಸುರಿದು ತೊಳೆದರೆ ಆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ, ಒಣಗಿದಾಗ ಮತ್ತೆ ಹೊರಗೆ. ಮರಳು ಸಿಡಿಸಿ ಉಜ್ಜುವ ಸ್ಯಾಂಡ್‌ಬ್ಲಾಸ್ಟಿಂಗ್ ಅಂತೂ ಬೇಡವೇ ಬೇಡ. ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಇಟ್ಟಿಗೆಯ ಮೇಲ್ಪದರವೇ ಹೋಗಿಬಿಡುತ್ತದೆ. ಆ್ಯಸಿಡ್ ಸುಣ್ಣದ ಗಾರೆಯನ್ನು ಕರಗಿಸುತ್ತದೆ, ಅದನ್ನು ಹಳೆ ಗೋಡೆಯ ಹತ್ತಿರ ತರಬೇಡಿ.

ತೇವಕ್ಕೆ ಮದ್ದು ಅಂತ ನೀರು ತಡೆಯುವ ಬಣ್ಣ ಬಳಿಯುವವರಿದ್ದಾರೆ. ಒಳಗಿನ ನೀರನ್ನು ಒಳಗೇ ಕೂಡಿಹಾಕುವ ಕೆಲಸ ಅದು, ಸಿಮೆಂಟ್ ಪಾಯಿಂಟಿಂಗ್ ಮಾಡಿದ್ದೂ ಅದನ್ನೇ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಬೇಕು. ಮಳೆ ನೀರಿನ ಪೈಪ್ ಒಡೆದಿರಬಹುದು. ತಾರಸಿ ಗೋಡೆಯ ತಲೆ ಬಿರುಕು ಬಿಟ್ಟಿರಬಹುದು. ಹೂವಿನ ಪಾತಿಗೆ ಅಂತ ಮಣ್ಣು ಏರಿಸಿ, ನೆಲದ ತೇವ ತಡೆಯಲು ಬುಡದಲ್ಲಿ ಹಾಕಿದ ಡಿಪಿಸಿ ಪದರವನ್ನೇ ಮುಚ್ಚಿರುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಅಂಥಲ್ಲಿ ಮೊದಲು ಮಣ್ಣು ತೆಗೆಸುತ್ತೇನೆ, ಪೈಪ್ ಸರಿಮಾಡಿಸುತ್ತೇನೆ, ಗೋಡೆ ಚೆನ್ನಾಗಿ ಒಣಗಲು ಒಂದು ಬೇಸಿಗೆ ಬಿಡುತ್ತೇನೆ. ಉಳಿ ಕೈಗೆತ್ತಿಕೊಳ್ಳುವುದು ಅದಾದ ಮೇಲೆಯೇ.