ಆರ್ಡ್ನಹೋ ಬಾಟಲಿಯೊಂದಿಗೆ ನಾಲ್ಕು ವಾರ

ಮೊದಲ ವಾರ

ಸೀಲು ಒಡೆದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಸ ಡಿಸ್ಟಿಲರಿ ಆರ್ಡ್ನಹೋ 2024ರಲ್ಲಿ ಹೊರತಂದ ಚೊಚ್ಚಲ ಸಿಂಗಲ್ ಮಾಲ್ಟ್ ಇದು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿ. ವಯಸ್ಸು ಐದು ವರ್ಷ, ಆಲ್ಕೋಹಾಲ್ ಶೇ 50. ಹಿಂದೆ ಬರ್ಬನ್ (ಅಮೆರಿಕದ ವಿಸ್ಕಿ) ಮತ್ತು ಒಲೊರೊಸೊ ಶೆರ್ರಿ (ಸ್ಪೇನಿನ ವೈನ್) ತುಂಬಿದ್ದ ಪೀಪಾಯಿಗಳಲ್ಲಿ ಮಾಗಿದೆ. ಎಳೆಯ ವಿಸ್ಕಿಗೆ ಮೊದಲ ಗುಟುಕಿನಲ್ಲೇ ತೀರ್ಪು ಕೊಡುವುದು ಅನ್ಯಾಯ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ನಾಲ್ಕು ವಾರದ ಲೆಕ್ಕ: ಪ್ರತಿ ಶನಿವಾರ ಊಟಕ್ಕೆ ಮುಂಚೆ, ಅದೇ ಲೋಟದಲ್ಲಿ 25 ಮಿ.ಲೀ. ಆ ಸಂಜೆ ಮನೆಯಲ್ಲಿ ಊದುಬತ್ತಿಯೂ ಇಲ್ಲ, ಒಗ್ಗರಣೆಯೂ ಇಲ್ಲ.

ಮೂಗಿಗೆ ಮೊದಲು ಬಡಿದದ್ದು ಹೊಗೆ. ಅದರ ಬೆನ್ನಿಗೆ ಪೇರ್ ಹಣ್ಣು, ರಾತ್ರಿಯಿಡೀ ನೆನೆಸಿಟ್ಟ ಕಾಳಿನ ಹಸಿ ವಾಸನೆ. ಎಳೆತನ ಬಚ್ಚಿಟ್ಟುಕೊಳ್ಳುವ ವಿಸ್ಕಿಯಲ್ಲ. ನಾಲಿಗೆಯ ಮೇಲೆ ಕರಿಮೆಣಸು, ಉಪ್ಪು, ಕೊನೆಗೆ ಬೂದಿ. ಇದೆಲ್ಲದರ ತಳದಲ್ಲಿ ಬಹಳ ಪರಿಚಿತವಾದ ಇನ್ನೊಂದು ವಾಸನೆ ಇತ್ತು. ಹೆಸರು ಹೊಳೆಯಲಿಲ್ಲ. ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆ.

ಎರಡನೇ ವಾರ

ಬಾಟಲಿಗೆ ಗಾಳಿ ತಾಗಿದ್ದು ಒಳ್ಳೆಯದಾಗಿದೆ. ಹಸಿ ಕಾಳಿನ ವಾಸನೆ ತಗ್ಗಿದೆ. ಅರ್ಧ ಚಮಚ ನೀರು ಬೆರೆಸಿದೆ. ಖಾರ ಇಳಿದು ನಿಂಬೆ ಸಿಪ್ಪೆಯ ಘಮ ಮೇಲೆದ್ದಿತು.

ಇಷ್ಟು ಎಳೆಯದಾದರೂ ಇದು ಒರಟಾಗಿಲ್ಲ. ಅದಕ್ಕೆ ಅಲ್ಲಿನ ತಾಮ್ರ ಕಾರಣ ಎಂದು ನನ್ನ ಊಹೆ. ಭಟ್ಟಿಯಿಂದ ಏಳುವ ಮದ್ಯದ ಹಬೆಯನ್ನು ತಣಿಸಲು ಅವರು ಹಳೆಯ ಪದ್ಧತಿಯನ್ನೇ ಹಿಡಿದಿದ್ದಾರೆ: ತಣ್ಣೀರಿನ ತೊಟ್ಟಿಯೊಳಗೆ ಸುರುಳಿ ಸುತ್ತಿದ ಉದ್ದನೆಯ ತಾಮ್ರದ ಕೊಳವೆ. ಈ ಪದ್ಧತಿಯಲ್ಲಿ ಮದ್ಯ ಸಾಮಾನ್ಯವಾಗಿ ದಪ್ಪವಾಗಿ, ಮಾಂಸದ ಸಾರಿನಂತೆ ಬರುತ್ತದೆ. ಆದರೆ ತೊಟ್ಟಿಗೆ ಸೇರುವ ಮುಂಚೆ ಹಬೆ 7.5 ಮೀಟರ್ ಉದ್ದದ ತಾಮ್ರದ ತೋಳನ್ನು ದಾಟಬೇಕು. ಗಂಧಕದ ಅಂಶ ಬಹುಪಾಲು ತಾಮ್ರಕ್ಕೆ ಅಂಟಿಕೊಂಡು ಅಲ್ಲಿಯೇ ಉಳಿಯುತ್ತದೆ. ತೊಟ್ಟಿ ಭಾರ ಕೊಡುತ್ತದೆ, ತೋಳು ಹಗುರ ಮಾಡುತ್ತದೆ. ಲೋಟದಲ್ಲಿ ಎರಡೂ ಸಿಗುತ್ತವೆ.

ಐದು ವರ್ಷ ಸಾಲದು ಎನ್ನುವವರಿದ್ದಾರೆ. ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಸಸ್ಯಜನ್ಯ ಉರುವಲು) ಹೊಗೆಯ ವಿಸ್ಕಿಯ ಮಟ್ಟಿಗೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಪೀಪಾಯಿಯಲ್ಲಿ ವರ್ಷಗಳು ಕಳೆದಂತೆ ಹೊಗೆ ಮಂಕಾಗುತ್ತದೆ; ಅದರ ಪೂರ್ಣ ಬಿರುಸು ಇರುವುದು ಎಳವೆಯಲ್ಲಿಯೇ. ಮೇಲಾಗಿ ಎಲ್ಲ ಊರಿನ ವರ್ಷವೂ ಒಂದೇ ಅಲ್ಲ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ವಿಸ್ಕಿ ತಯಾರಿಸುವ ಅಮೃತ್‌ನವರ ಪೀಪಾಯಿಗಳಿಂದ ಶೇ 10ಕ್ಕೂ ಹೆಚ್ಚು ಹೋಗುತ್ತದೆ. ಮರದ ಸಾರ ಇಳಿಯುವ ವೇಗವೂ ಹಾಗೆಯೇ.

ಮೂರನೇ ವಾರ

ನೆಗಡಿ. ಬಾಟಲಿ ಮುಟ್ಟಲಿಲ್ಲ.

ನಾಲ್ಕನೇ ವಾರ

ಶನಿವಾರ ರಾತ್ರಿ ಲೋಟವನ್ನು ತೊಳೆಯದೆ ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟಿದ್ದೆ. ಆಲ್ಕೋಹಾಲ್ ಹಾರಿಹೋದ ಮೇಲೆ ಖಾಲಿ ಲೋಟ ಹೇಳುವಷ್ಟನ್ನು ತುಂಬಿದ ಲೋಟ ಹೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಎತ್ತಿ ಮೂಸಿದೆ. ತಳದಲ್ಲಿ ಒಣಗಿದ ತೆಳು ಹಳದಿ ಉಂಗುರ. ಅದರಿಂದ ಬಂದದ್ದು ಅಜ್ಜಿಮನೆಯ ಕೊಬ್ಬರಿ ಅಟ್ಟದ ವಾಸನೆ!

ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಅಲುಗಿಸಿದರೆ ಗಡಗಡ ಸದ್ದು ಬಂದರೆ ಉಂಡೆ ಕೊಬ್ಬರಿ ಆಯಿತೆಂದು ಅರ್ಥ. ಅಜ್ಜಿಯ ಮನೆಯಲ್ಲಿ ಆ ಅಟ್ಟ ಬಚ್ಚಲ ಒಲೆಯ ಮೇಲೆಯೇ ಇತ್ತು. ಮಟ್ಟೆ ಉರಿದ ಹೊಗೆ ದಿನವೂ ಮೇಲೇರಿ ಕಾಯಿಗಳ ನಡುವೆ ನುಸುಳುತ್ತಿತ್ತು. ನಾನು ಏಣಿ ಹತ್ತಿ ತಲೆ ತೂರಿಸಿದರೆ ಎಣ್ಣೆಯ ಸಿಹಿ, ಮಸಿ ಮತ್ತು ಧೂಳು ಒಟ್ಟಿಗೇ ಮೂಗಿಗೆ ಬರುತ್ತಿದ್ದವು.

ಇದು ಬರಿಯ ನೆನಪಿನ ಆಟವಲ್ಲ. ಓಕ್ ಮರದಿಂದ, ಅದರಲ್ಲೂ ಬರ್ಬನ್ ಪೀಪಾಯಿಯ ಅಮೆರಿಕನ್ ಓಕ್‌ನಿಂದ, ಮದ್ಯಕ್ಕೆ ಇಳಿಯುವ ಪರಿಮಳ ದ್ರವ್ಯವಾದ ಲ್ಯಾಕ್ಟೋನ್‌ಗೆ ತೆಂಗಿನಕಾಯಿಯದೇ ಪರಿಮಳ. ಬಾರ್ಲಿಗೆ ಕೆಳಗಿನಿಂದ ಪೀಟ್ ಹೊಗೆ ಕೊಡುತ್ತಾರೆ. ಕೊಬ್ಬರಿ ಮತ್ತು ಹೊಗೆ, ಎರಡರ ಪರಿಮಳವೂ ಈ ಬಾಟಲಿಯಲ್ಲಿ ನಿಜವಾಗಿಯೂ ಇದೆ. ಮೊದಲ ವಾರದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದು ‘ಕೊಬ್ಬರಿ ಅಟ್ಟ’ ಎಂದು ಬರೆದೆ.

ಬಾಟಲಿಯಲ್ಲಿ ಇನ್ನೂ 625 ಮಿ.ಲೀ. ಇದೆ. ಊರಿನಿಂದ ಬರುವ ತಮ್ಮನಿಗೆ ಒಂದು ಉಂಡೆ ಕೊಬ್ಬರಿ ತರಲು ಹೇಳಿದ್ದೇನೆ. ಒಂದು ಹೋಳು ಒಡೆದು ಲೋಟದ ಪಕ್ಕದಲ್ಲಿಟ್ಟು, ಎರಡನ್ನೂ ಒಟ್ಟಿಗೆ ಮೂಸಿ ನೋಡಬೇಕು.